ಎಣಿಸುವ ಮೊದಲು ಒಂದು ಪೇಪರ್ ಓದಿ

ಗಣಿತ ವಿಭಾಗಗಳ ನೇಮಕಾತಿ ಮತ್ತು ಬಡ್ತಿ ಸಮಿತಿಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಗಣಿತದವಳು. ನೀರು, ಗಾಳಿ, ರಕ್ತದಂಥ ಹರಿಯುವ ವಸ್ತುಗಳೂ ಉಕ್ಕು, ರಬ್ಬರ್, ಮೂಳೆಯಂಥ ಗಟ್ಟಿ ವಸ್ತುಗಳೂ ಬಲ ಬಿದ್ದಾಗ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದನ್ನು ಸಮೀಕರಣಗಳಲ್ಲಿ ಹಿಡಿಯುವುದು ನನ್ನ ಕೆಲಸ. ಫ್ಲೂಯಿಡ್ ಮೆಕ್ಯಾನಿಕ್ಸ್, ಸಾಲಿಡ್ ಮೆಕ್ಯಾನಿಕ್ಸ್ ಅಂತ ಎರಡು ಹೆಸರು. ನನ್ನ ಮಟ್ಟಿಗೆ ಎರಡೂ ಒಂದೇ ಕಸುಬು. ಸುಮಾರು 30 ವರ್ಷ ಇದನ್ನೇ ಮಾಡಿದ್ದೇನೆ. ಅರ್ಜಿ ಹಾಕಿದವಳಾಗಿ ನಿಮ್ಮ ಮೇಜಿನ ಆಚೆ ಕೂತಿದ್ದೇನೆ. ಆಮೇಲೆ ಸಮಿತಿಯವಳಾಗಿ ಈಚೆಯೂ ಕೂತಿದ್ದೇನೆ.

ಕಳೆದ ಬಾರಿ ಈಚೆ ಕೂತಾಗ ನಡೆದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಒಬ್ಬ ಹುಡುಗನ ಅರ್ಜಿ ಬಂತು. ಪಿಎಚ್‌ಡಿ ಮುಗಿಸಿ 7 ವರ್ಷ ಆಗಿತ್ತು. ಮೂರು ಊರು, ಮೂರು ತಾತ್ಕಾಲಿಕ ಕೆಲಸ. ಒಟ್ಟು 6 ಪೇಪರ್. ಅಧ್ಯಕ್ಷರು ಪಟ್ಟಿ ನೋಡಿ "ಸಂಖ್ಯೆ ಕಡಿಮೆ ಆಯ್ತಲ್ವಾ" ಅಂದರು. ಇನ್ನೊಬ್ಬರು ಸೈಟೇಶನ್ ಲೆಕ್ಕ, ಅಂದರೆ ಆ ಪೇಪರ್‌ಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದನ್ನು, ನೋಡಿ ತಲೆಯಾಡಿಸಿದರು. ಫೈಲು ಮುಚ್ಚಿತು. ನಾಲ್ಕು ನಿಮಿಷವೂ ಆಗಿರಲಿಲ್ಲ. "ಒಂದು ಪೇಪರ್ ಆದರೂ ಓದೋಣ" ಅಂದೆ. ಇನ್ನೂ 40 ಫೈಲು ಬಾಕಿ ಇತ್ತು, ಸಮಯ ಇಲ್ಲ ಅಂದರು. ನಾನೂ ಸುಮ್ಮನಾದೆ. ಪಟ್ಟು ಹಿಡಿಯಬೇಕಿತ್ತು. ಅವತ್ತು ನುಂಗಿಕೊಂಡ ಮಾತನ್ನು ಇವತ್ತು ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ಈ ಕ್ಷೇತ್ರದವರ ಪೇಪರ್‌ಗಳನ್ನು ಎಣಿಸುವ ಮೊದಲು ಒಂದನ್ನಾದರೂ ಕೂತು ಓದಿ. ಯಾಕೆ ಅಂತ ಹೇಳಬೇಕಾದರೆ ಈ ಕೆಲಸ ಒಳಗಿನಿಂದ ಹೇಗಿರುತ್ತದೆ ಎಂದು ಮೊದಲು ತೋರಿಸಬೇಕು.

ಬಿಪಿ ನೋಡುವಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಾರೆ. ಆಮೇಲೆ ನಿಧಾನವಾಗಿ ಬಿಡುತ್ತಾರೆ. ಸ್ಟೆತಾಸ್ಕೋಪಿನಲ್ಲಿ ಮೊದಲು ಏನೂ ಕೇಳಿಸುವುದಿಲ್ಲ. ಒಂದು ಹಂತದಲ್ಲಿ ಟಪ್ ಟಪ್ ಅಂತ ಶುರುವಾಗುತ್ತದೆ. ಇನ್ನಷ್ಟು ಗಾಳಿ ಬಿಟ್ಟರೆ ಮತ್ತೆ ಮೌನ. ಶಬ್ದ ಶುರುವಾದಾಗಿನ ಒತ್ತಡ ಮೇಲಿನ ಬಿಪಿ, ನಿಂತಾಗಿನದು ಕೆಳಗಿನ ಬಿಪಿ. ರಷ್ಯಾದ ವೈದ್ಯ ನಿಕೊಲಾಯ್ ಕೊರೊಟ್ಕೊವ್ 1905ರಲ್ಲಿ ಈ ವಿಧಾನ ಹೇಳಿಕೊಟ್ಟರು. ಆದರೆ ಆ ಶಬ್ದ ಹುಟ್ಟುವುದು ಹೇಗೆ? ಅದರ ಚರ್ಚೆ ಇನ್ನೂ ಮುಗಿದಿಲ್ಲ.

ಪಟ್ಟಿಯ ಕೆಳಗೆ ರಕ್ತನಾಳ ಚಪ್ಪಟೆಯಾಗಿರುತ್ತದೆ. ಇಕ್ಕಟ್ಟಿನಲ್ಲಿ ರಕ್ತ ರಭಸವಾಗಿ ನುಗ್ಗುತ್ತದೆ. ರಭಸ ಹೆಚ್ಚಾದ ಕಡೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ನಾಳದ ಗೋಡೆ ಇನ್ನೂ ಒಳಕ್ಕೆ ಬಾಗುತ್ತದೆ. ಗೋಡೆ ಬಾಗಿದರೆ ಹರಿವು ಮತ್ತೆ ಬದಲಾಗುತ್ತದೆ. ಈಗ ಇದಕ್ಕೆ ಸಮೀಕರಣ ಬರೆಯಲು ಕೂತರೆ ಏನಾಗುತ್ತದೆ ನೋಡಿ. ರಕ್ತದ ಹರಿವು ಗೊತ್ತಾಗಬೇಕಾದರೆ ನಾಳದ ಆಕಾರ ಗೊತ್ತಿರಬೇಕು. ಆಕಾರ ಗೊತ್ತಾಗಬೇಕಾದರೆ ಗೋಡೆಯ ಮೇಲಿನ ಒತ್ತಡ ಗೊತ್ತಿರಬೇಕು. ಒತ್ತಡ ಗೊತ್ತಾಗಬೇಕಾದರೆ ಹರಿವು ಗೊತ್ತಿರಬೇಕು. ಹೊರಟಲ್ಲಿಗೇ ಬಂದು ನಿಂತೆವು. ಸಾಮಾನ್ಯವಾಗಿ ಗಣಿತದಲ್ಲಿ ಒಂದು ಜಾಗ ಕೊಟ್ಟು, ಅದರೊಳಗೆ ಉತ್ತರ ಹುಡುಕು ಅನ್ನುತ್ತಾರೆ. ಇಲ್ಲಿ ಆ ಜಾಗದ ಎಲ್ಲೆಯೇ ಉತ್ತರದ ಭಾಗ.

ನನ್ನ ಬದುಕಿನ ಒಳ್ಳೆಯ ವರ್ಷಗಳು ಈ ಮೆತ್ತನೆ ಕೊಳವೆಗೆ ಹೋಗಿವೆ. ಮೊದಲ ವರ್ಷ ಕಾಗದದ ಮೇಲೆ. ಎರಡನೆಯ ವರ್ಷ ಕಂಪ್ಯೂಟರಿನಲ್ಲಿ. ಒಂದು ದಿನ ಪರದೆಯ ಮೇಲೆ ಕೊಳವೆ ತಾನಾಗಿಯೇ ಅದುರತೊಡಗಿತು. ಎಷ್ಟು ಖುಷಿಯಾಯಿತು ಅಂದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಪೇಪರ್ ಅರ್ಧ ಬರೆದಿದ್ದೆ. ಆಮೇಲೆ ಸಣ್ಣ ಅನುಮಾನ ಬಂತು. ಕಂಪ್ಯೂಟರ್ ಲೆಕ್ಕ ಹಾಕಲು ಕೊಳವೆಯನ್ನು ಸಣ್ಣ ಸಣ್ಣ ತುಂಡುಗಳ ಜಾಲರಿಯಾಗಿ ಹಂಚಿರುತ್ತೇವೆ. ಆ ಜಾಲರಿಯನ್ನು ಎರಡು ಪಟ್ಟು ಸಣ್ಣದು ಮಾಡಿ ಓಡಿಸಿದೆ. ಅದುರುವಿಕೆಯ ವೇಗ ಬದಲಾಯಿತು. ಇನ್ನೂ ಸಣ್ಣದು ಮಾಡಿದೆ. ಮತ್ತೆ ಬದಲಾಯಿತು. ನಾನು ಕಂಡದ್ದು ಕೊಳವೆಯ ಅದುರುವಿಕೆ ಆಗಿರಲಿಲ್ಲ, ನನ್ನ ಲೆಕ್ಕದ ಜಾಲರಿಯದಾಗಿತ್ತು. 8 ತಿಂಗಳ ಕೆಲಸ ಬದಿಗಿಟ್ಟೆ. ಆ ಅರ್ಧ ಪೇಪರ್ ಇನ್ನೂ ನನ್ನ ಕಪಾಟಿನಲ್ಲಿದೆ.

ಆಮೇಲೆ ಎಂಜಿನಿಯರಿಂಗ್ ವಿಭಾಗದ ಗೆಳೆಯರೊಬ್ಬರು ಪ್ರಯೋಗಶಾಲೆಯ ಮೂಲೆಯಲ್ಲಿ ಒಂದು ಮೇಜು ಕೊಟ್ಟರು. ಎರಡು ಗಟ್ಟಿ ಕೊಳವೆಗಳ ನಡುವೆ ತೆಳು ರಬ್ಬರ್ ಕೊಳವೆ ಕಟ್ಟಿದೆವು. ಸುತ್ತ ಗಾಜಿನ ಪೆಟ್ಟಿಗೆ, ಅದರೊಳಗೆ ಬೇಕಾದಷ್ಟು ಒತ್ತಡ ಕೊಡಬಹುದು. ನೀರು ಬಿಟ್ಟೆವು. ಪೆಟ್ಟಿಗೆಯ ಒತ್ತಡ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆವು. ಕೊಳವೆಯ ಬಾಯಿ ಮೊದಲು ಮೊಟ್ಟೆಯಾಕಾರಕ್ಕೆ ಬಂತು. ಆಮೇಲೆ ನಡುವೆ ಅಂಟಿಕೊಂಡು ಎರಡು ಕಣ್ಣುಗಳ ಹಾಗೆ ಆಯಿತು. ಅಲ್ಲಿಂದ ಶುರುವಾಯಿತು ನೋಡಿ, ಮೇಜು ಗುಂಯ್ ಅಂತು. ಅಂಗೈಯನ್ನು ಗಾಜಿಗೆ ಒತ್ತಿ ನಿಂತೆ. ನನ್ನ ಸಮೀಕರಣದಲ್ಲಿ ನಾನು ಬಿಟ್ಟಿದ್ದ ಒಂದು ಪದ ಏನು ಅಂತ ಆಗ ಹೊಳೆಯಿತು. ಕೊಳವೆಯನ್ನು ಉದ್ದಕ್ಕೆ ಎಳೆದು ಕಟ್ಟಿದ್ದೆವು. ಆ ಎಳೆತವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಈ ಇಡೀ ಕಥೆ ನನ್ನ ಬಯೋಡೇಟಾದಲ್ಲಿ ಒಂದೇ ಸಾಲು. ಒಂದು ಪೇಪರ್, ಒಂದು ವರ್ಷ, ಪುಟ ಸಂಖ್ಯೆ. ಮೂರೂವರೆ ವರ್ಷದ ಕೆಲಸ ಅದು.

ನೀವು ಕೇಳಬಹುದು, ಗಣಿತದವಳಿಗೆ ನೀರಿನ ಪೆಟ್ಟಿಗೆ ಯಾಕೆ ಅಂತ. ಇದೇ ಪ್ರಶ್ನೆಯನ್ನು ಒಂದು ಸಂದರ್ಶನದಲ್ಲಿ ನನಗೆ ಕೇಳಿದರು. "ಇದರಲ್ಲಿ ಗಣಿತ ಎಲ್ಲಿದೆ?" ಅಂದರು. ಅದೇ ವರ್ಷ ಎಂಜಿನಿಯರಿಂಗ್ ವಿಭಾಗವೊಂದರ ಸಂದರ್ಶನಕ್ಕೂ ಹೋಗಿದ್ದೆ. ಅಲ್ಲಿ "ಬರೀ ಥಿಯರಿ ಆಯ್ತಲ್ಲ, ನಿಮ್ಮದೇ ಪ್ರಯೋಗಶಾಲೆ ಎಲ್ಲಿದೆ?" ಅಂದರು. ಎರಡು ಕಡೆಯವರೂ ಒಳ್ಳೆಯವರೇ. ಎರಡು ಕಡೆಯವರೂ ನನ್ನ ಪೇಪರ್ ಓದಿರಲಿಲ್ಲ. ಮೊದಲನೆಯವರು ಹನ್ನೆರಡನೆಯ ಪುಟ ತೆಗೆದಿದ್ದರೆ ಸ್ಥಿರತೆಯ ಗಣಿತದ ಪುರಾವೆ ಕಾಣುತ್ತಿತ್ತು. ಎರಡನೆಯವರು ನಾಲ್ಕನೆಯ ಪುಟ ತೆಗೆದಿದ್ದರೆ ಆ ಗಾಜಿನ ಪೆಟ್ಟಿಗೆಯ ಚಿತ್ರ ಕಾಣುತ್ತಿತ್ತು.

ದ್ರವ ಬೇರೆ, ಘನ ಬೇರೆ ಅನ್ನುವ ಗೋಡೆಯೂ ನಮಗೆ ಕಷ್ಟ ಕೊಡುತ್ತದೆ. ಹುದ್ದೆಯ ಜಾಹೀರಾತಿನಲ್ಲೇ ಇದು ಶುರುವಾಗುತ್ತದೆ. ಈ ಗೋಡೆ ಎಷ್ಟು ತೆಳು ಅಂತ ಒಂದು ಉದಾಹರಣೆ ಹೇಳುತ್ತೇನೆ. ನನಗೆ ತುಂಬ ಇಷ್ಟದ್ದು, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ.

ಪೆನ್ಸಿಲ್ ಅಳಿಸುವ ರಬ್ಬರ್ ಗೊತ್ತಲ್ಲ, ಉದ್ದನೆಯ ಚೌಕದ ತುಂಡು ಒಂದು ತೆಗೆದುಕೊಳ್ಳಿ. ಅದರ ಬದಿಗಳ ಮೇಲೆ ಪೆನ್ನಿನಲ್ಲಿ ಚಿಕ್ಕ ಚಿಕ್ಕ ಚೌಕಗಳ ಜಾಲ ಎಳೆಯಿರಿ. ಎರಡು ತುದಿ ಹಿಡಿದು ತಿರುಚಿ. ಬದಿಯ ನಡುವಿನ ಚೌಕಗಳು ವಾಲಿ ವಜ್ರದಾಕಾರಕ್ಕೆ ಬರುತ್ತವೆ. ಅಂಚಿನ ಹತ್ತಿರದ ಚೌಕಗಳು ಹೆಚ್ಚು ಕಡಿಮೆ ಚೌಕವಾಗಿಯೇ ಉಳಿಯುತ್ತವೆ. ಆ ಅಂಚೇ ಚೌಕದ ಮೂಲೆ. ಅದು ನಡು ಅಕ್ಷದಿಂದ ಅತಿ ದೂರ ಇರುವ ಜಾಗ, ಅಲ್ಲೇ ಜಾಸ್ತಿ ಬಲ ಬೀಳಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ದೊಡ್ಡ ದೊಡ್ಡವರಿಗೂ ಹಾಗೇ ಅನ್ನಿಸಿತ್ತು. ಫ್ರಾನ್ಸಿನ ಸೇಂಟ್-ವೆನಾಂಟ್ 1853ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ ಪ್ರಬಂಧದಲ್ಲಿ ಇದನ್ನು ಸರಿಮಾಡಿದರು. ಹೆಚ್ಚು ಬಲ ಬೀಳುವುದು ಬದಿಯ ನಡುವೆ. ಮೂಲೆಯಲ್ಲಿ ಸೊನ್ನೆ.

ಈಗ ಅದೇ ಚೌಕ ಆಕಾರದ ರಂಧ್ರವನ್ನು ಒಂದು ತಗಡಿನಲ್ಲಿ ಕೊರೆದು ಸಾಬೂನು ನೀರಿನ ಪೊರೆ ಹಿಡಿಸಿ. ಕೆಳಗಿನಿಂದ ಒಂದಿಷ್ಟೇ ಗಾಳಿ ಒತ್ತಿ. ಪೊರೆ ಉಬ್ಬುತ್ತದೆ. ಉಬ್ಬಿದ ಪೊರೆಯ ಇಳಿಜಾರು ಎಲ್ಲಿ ಜಾಸ್ತಿಯೋ ಅಲ್ಲಿ ತಿರುಚಿದ ರಬ್ಬರಿನ ಮೇಲೂ ಬಲ ಜಾಸ್ತಿ. ಎರಡಕ್ಕೂ ಒಂದೇ ಸಮೀಕರಣ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ ಇದನ್ನು 1903ರಲ್ಲಿ ತೋರಿಸಿದರು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಇಂಗ್ಲೆಂಡಿನ ಗ್ರಿಫಿತ್ ಮತ್ತು ಜಿ. ಐ. ಟೇಲರ್ ಸೇರಿ ಸಾಬೂನು ಪೊರೆಗಳನ್ನೇ ಅಳೆದು, ಕೈಯಲ್ಲಿ ಬಿಡಿಸಲಾಗದ ಆಕಾರಗಳ ತಿರುಚುವಿಕೆಯನ್ನು ಲೆಕ್ಕ ಹಾಕಿದರು. ವಿಮಾನದ ಭಾಗಗಳಿಗೆ ಅದು ಬೇಕಿತ್ತು.

ಇನ್ನೂ ಇದೆ. ಅದೇ ಚೌಕ ಆಕಾರದ ಪೈಪಿನಲ್ಲಿ ದಪ್ಪನೆಯ ಎಣ್ಣೆಯನ್ನು ನಿಧಾನವಾಗಿ ಹರಿಸಿ. ಎಣ್ಣೆಯ ವೇಗಕ್ಕೂ ಅದೇ ಸಮೀಕರಣ. ಪೊರೆ ಎತ್ತರವಾಗಿರುವ ಕಡೆ ಎಣ್ಣೆ ಜೋರು. ಮೂಲೆಯಲ್ಲಿ ಪೊರೆ ತಗ್ಗು, ಎಣ್ಣೆ ಅಲ್ಲಿ ನಿಂತೇ ಇದ್ದಂತೆ, ರಬ್ಬರಿಗೆ ಅಲ್ಲಿ ನೋವೇ ಇಲ್ಲ. ಒಂದು ಗಟ್ಟಿ ಸಲಾಕೆ, ಒಂದು ಪೊರೆ, ಒಂದು ಪೈಪು. ಗಣಿತಕ್ಕೆ ಮೂರೂ ಒಂದೇ. ಇದನ್ನು ಮೊದಲ ಸಲ ಕಂಡ ದಿನ ನಾನು ಈ ಕ್ಷೇತ್ರ ಬಿಟ್ಟು ಬೇರೆ ಕಡೆ ಹೋಗಲಾರೆ ಅಂತ ನನಗೆ ಗೊತ್ತಾಯಿತು.

ಇದು ಹೊಸ ಮಾತೇನೂ ಅಲ್ಲ. ಕೇಂಬ್ರಿಡ್ಜಿನ ಗಣಿತಜ್ಞ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1845ರಲ್ಲಿ, 25ನೆಯ ವಯಸ್ಸಿನಲ್ಲಿ, ಓದಿದ ಪ್ರಬಂಧದ ಶೀರ್ಷಿಕೆಯಲ್ಲೇ ಎರಡೂ ಇವೆ. ಹರಿಯುವ ದ್ರವಗಳ ಒಳಘರ್ಷಣೆ ಒಂದು ಕಡೆ, ಸ್ಥಿತಿಸ್ಥಾಪಕ ಘನಗಳ ಸಮತೋಲ ಮತ್ತು ಚಲನೆ ಇನ್ನೊಂದು ಕಡೆ. ಇವತ್ತು ಅಂಥ ಶೀರ್ಷಿಕೆ ಇಟ್ಟರೆ ನಾವು "ಗಮನ ಚದುರಿದೆ" ಅಂತ ಬರೆಯುತ್ತೇವೆ. ಆ ಮಾತನ್ನು ಒಬ್ಬ ಹುಡುಗಿಯ ಫೈಲಿನ ಮೇಲೆ ಬರೆದದ್ದನ್ನು ನಾನೇ ನೋಡಿದ್ದೇನೆ.

ಸೇಂಟ್-ವೆನಾಂಟ್ ವಿಷಯ ಬಂತಲ್ಲ, ಅವರ ಬದುಕನ್ನು ಒಂದು ಬಯೋಡೇಟಾ ಅಂತ ಅಂದುಕೊಂಡು ನೋಡಿ. ಹುಟ್ಟಿದ್ದು 1797. ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನಿಕ್‌ಗೆ ಸೇರಿದಾಗ 16. ಮರುವರ್ಷ, 1814ರಲ್ಲಿ, ಶತ್ರು ಸೈನ್ಯ ಪ್ಯಾರಿಸ್ಸಿನ ಬಾಗಿಲಿಗೆ ಬಂತು. ವಿದ್ಯಾರ್ಥಿಗಳನ್ನು ಕಾದಾಟಕ್ಕೆ ಕರೆದರು. ಅಧಿಕಾರ ಕಿತ್ತುಕೊಂಡವನ (ನೆಪೋಲಿಯನ್ನನ) ಪರವಾಗಿ ಹೋರಾಡಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ ಅಂತ ಆ ಹುಡುಗ ಸಾಲಿನಿಂದ ಹೊರಗೆ ಬಂದ. ಕಾಲೇಜಿನಿಂದ ಹೊರಹಾಕಿದರು. ಮುಂದಿನ ವರ್ಷಗಳು ಸಿಡಿಮದ್ದಿನ ಇಲಾಖೆಯಲ್ಲಿ ಸಹಾಯಕನ ಕೆಲಸ. 1823ರಲ್ಲಿ ಸೇತುವೆ ಮತ್ತು ರಸ್ತೆಗಳ ಎಂಜಿನಿಯರಿಂಗ್ ಶಾಲೆಗೆ ಸೇರಲು ಅನುಮತಿ ಸಿಕ್ಕಿತು. ಅಲ್ಲಿ ಎರಡು ವರ್ಷ ಜೊತೆಯವರು ಮಾತನಾಡಲಿಲ್ಲ, ಒಂದೇ ಬೆಂಚಿನಲ್ಲಿ ಕೂರಲಿಲ್ಲ. ಅವರು ಅದನ್ನೆಲ್ಲ ಸಹಿಸಿಕೊಂಡು ಪಾಠ ಕೇಳಿದರು, ತರಗತಿಗೇ ಮೊದಲಿಗರಾಗಿ ಹೊರಬಂದರು.

1843ರಲ್ಲಿ ಸ್ನಿಗ್ಧ ದ್ರವಗಳ, ಅಂದರೆ ಒಳಘರ್ಷಣೆ ಇರುವ ದ್ರವಗಳ, ಸಮೀಕರಣವನ್ನು ಸರಿಯಾದ ತಳಹದಿಯ ಮೇಲೆ ಬರೆದರು. ಸ್ಟೋಕ್ಸ್ ಬರೆದದ್ದು ಅದಾದ 2 ವರ್ಷಕ್ಕೆ. ಸಮೀಕರಣಕ್ಕೆ ಉಳಿದ ಹೆಸರು, ಅದನ್ನು ಮೊದಲು ಬರೆದಿದ್ದ ಫ್ರಾನ್ಸಿನ ನೇವಿಯರ್ ಮತ್ತು ಸ್ಟೋಕ್ಸ್ ಅವರದು. ಸೇಂಟ್-ವೆನಾಂಟ್ ಅಕಾಡೆಮಿಯ ಸದಸ್ಯರಾದದ್ದು 1868ರಲ್ಲಿ, 70 ದಾಟಿದ ಮೇಲೆ. ಅಲ್ಲಿಗೆ ನಿಲ್ಲಿಸಲಿಲ್ಲ. 1871ರಲ್ಲಿ ನದಿ ಕಾಲುವೆಗಳಲ್ಲಿ ನೀರು ಏರಿಳಿಯುವುದರ ಸಮೀಕರಣಗಳನ್ನು ಪ್ರಕಟಿಸಿದರು. ಇವತ್ತು ಪ್ರವಾಹ ಯಾವ ಹೊತ್ತಿಗೆ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ಲೆಕ್ಕ ಹಾಕುವವರ ಕೈಯಲ್ಲಿರುವುದು ಅವೇ ಸಮೀಕರಣಗಳು. ಸೇತುವೆಯ ತೊಲೆ ಲೆಕ್ಕ ಹಾಕುವವರ ಕೈಯಲ್ಲಿ ಅವರದೇ ಇನ್ನೊಂದು ತತ್ವ ಇದೆ. ಘನ, ದ್ರವ ಎರಡರಲ್ಲೂ ಒಬ್ಬರೇ. ಈ ಬಯೋಡೇಟಾ ನಿಮ್ಮ ಮುಂದೆ 40ನೆಯ ವಯಸ್ಸಿನಲ್ಲಿ ಬಂದಿದ್ದರೆ ಏನಾಗುತ್ತಿತ್ತು? ಪ್ರಾಮಾಣಿಕವಾಗಿ ಯೋಚಿಸಿ. ನಡುವೆ ಅಷ್ಟು ವರ್ಷ ಖಾಲಿ, ಶಾಲೆಯಿಂದ ಹೊರಹಾಕಿದ ದಾಖಲೆ ಬೇರೆ.

ಸಮಯದ ಮಾತು ಬಂದರೆ ಫ್ರಾನ್ಸಿನ ಗಣಿತಜ್ಞೆ ಸೋಫಿ ಜರ್ಮೈನ್ ಅವರನ್ನು ನೆನೆಯದೆ ಇರಲಾಗುವುದಿಲ್ಲ. ಎಕೋಲ್ ಪಾಲಿಟೆಕ್ನಿಕ್‌ಗೆ ಹೆಣ್ಣುಮಕ್ಕಳನ್ನು ಸೇರಿಸುತ್ತಿರಲಿಲ್ಲ. ಅವರು ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು, ಲೆ ಬ್ಲಾಂಕ್ ಅನ್ನುವ ಗಂಡಸಿನ ಹೆಸರಿನಲ್ಲಿ ಉತ್ತರ ಬರೆದು ಕಳಿಸುತ್ತಿದ್ದರು. ಲೋಹದ ತಟ್ಟೆಯ ಮೇಲೆ ಮರಳು ಉದುರಿಸಿ ಅಂಚಿಗೆ ಪಿಟೀಲಿನ ಕಮಾನು ಎಳೆದರೆ ಮರಳು ಕುಣಿದು ಚಂದದ ಗೆರೆಗಳಾಗಿ ನಿಲ್ಲುತ್ತದೆ. ಇದನ್ನು ಜರ್ಮನಿಯ ಕ್ಲಾಡ್ನಿ ಪ್ಯಾರಿಸ್ಸಿನಲ್ಲಿ ತೋರಿಸಿದ ಮೇಲೆ, ಇದರ ಗಣಿತ ಹೇಳಿದವರಿಗೆ ಬಹುಮಾನ ಅಂತ 1809ರಲ್ಲಿ ಅಕಾಡೆಮಿ ಸಾರಿತು. 1811ರಲ್ಲಿ ಬಂದ ಉತ್ತರ ಒಂದೇ, ಸೋಫಿ ಅವರದು. ತಪ್ಪಿತ್ತು, ಬಹುಮಾನ ಕೊಡಲಿಲ್ಲ. 1813ರಲ್ಲಿ ಮತ್ತೆ ಕಳಿಸಿದರು, ಗೌರವದ ಉಲ್ಲೇಖ ಸಿಕ್ಕಿತು. ಮೂರನೆಯ ಸಲ, 1816ರಲ್ಲಿ, ಬಹುಮಾನ ಬಂತು. ಆದರೂ ತಟ್ಟೆಯ ಅಂಚಿನಲ್ಲಿ ಏನಾಗುತ್ತದೆ ಅನ್ನುವುದು ಪೂರ್ತಿ ಸರಿಹೋಗಿರಲಿಲ್ಲ. ಅದನ್ನು ಜರ್ಮನಿಯ ಭೌತವಿಜ್ಞಾನಿ ಕಿರ್ಕಾಫ್ ಸರಿಮಾಡಿದ್ದು 1850ರಲ್ಲಿ. ಒಂದು ತಟ್ಟೆಯ ಅಲುಗಾಟ. 41 ವರ್ಷ. ನಾವು ಕೊಡುವ ಪ್ರೊಬೇಷನ್ ಅವಧಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಕೆಲಸದ ಫಲ ಎಲ್ಲಿ ಬೀಳುತ್ತದೆ ಅನ್ನುವುದೂ ಮೊದಲೇ ಗೊತ್ತಾಗುವುದಿಲ್ಲ. 1847ರ ಮೇ 24ರಂದು ಇಂಗ್ಲೆಂಡಿನ ಚೆಸ್ಟರ್ ಹತ್ತಿರ ಡೀ ನದಿಯ ರೈಲು ಸೇತುವೆ ಕುಸಿದು 5 ಜನ ಸತ್ತರು. ಸೇತುವೆಯ ಮೇಲೆ ರೈಲು ನಿಂತಾಗ ಬೀಳುವ ಭಾರಕ್ಕೂ ಓಡುವಾಗ ಬೀಳುವ ಭಾರಕ್ಕೂ ವ್ಯತ್ಯಾಸ ಎಷ್ಟು ಅನ್ನುವ ಪ್ರಶ್ನೆ ಎದ್ದಿತು. ಅದರ ಗಣಿತವನ್ನು 1849ರಲ್ಲಿ ಬಿಡಿಸಿದವರು ಇದೇ ಸ್ಟೋಕ್ಸ್. ಆಮೇಲೆ ಅವರು ಲೋಲಕದ ಕಡೆ ತಿರುಗಿದರು. ಗಾಳಿಯಲ್ಲಿ ತೂಗುವ ಲೋಲಕ ಯಾಕೆ ನಿಧಾನವಾಗುತ್ತದೆ? ಅದನ್ನು ಲೆಕ್ಕ ಹಾಕುತ್ತಾ, ದ್ರವದಲ್ಲಿ ನಿಧಾನವಾಗಿ ಇಳಿಯುವ ಸಣ್ಣ ಗುಂಡಿನ ಮೇಲೆ ಎಷ್ಟು ತಡೆ ಬೀಳುತ್ತದೆ ಅನ್ನುವ ಸೂತ್ರ ಕೊಟ್ಟರು. ಅದು ಅಚ್ಚಾದದ್ದು 1851ರಲ್ಲಿ. ಸುಮಾರು 60 ವರ್ಷದ ನಂತರ ಅಮೆರಿಕದ ಭೌತವಿಜ್ಞಾನಿ ಮಿಲ್ಲಿಕನ್ ಎಣ್ಣೆ ಹನಿಗಳ ಪ್ರಯೋಗದಲ್ಲಿ ಎಲೆಕ್ಟ್ರಾನಿನ ವಿದ್ಯುದಾವೇಶ ಅಳೆದಾಗ ಹನಿಯ ಗಾತ್ರ ತಿಳಿಯಲು ಆಧಾರವಾಗಿದ್ದು ಆ ಸೂತ್ರವೇ. ಎಲೆಕ್ಟ್ರಾನ್ ಅನ್ನುವ ಹೆಸರೂ ಇಲ್ಲದ ಕಾಲದಲ್ಲಿ ಬರೆದದ್ದು! ಐದು ವರ್ಷದ ಸೈಟೇಶನ್ ನೋಡಿ ಇಂಥದ್ದನ್ನು ಅಳೆಯುವುದು ಹೇಗೆ, ನೀವೇ ಹೇಳಿ.

ಪುಟಗಳ ಲೆಕ್ಕವೂ ಅಷ್ಟೇ. 1904ರಲ್ಲಿ ಹೈಡೆಲ್‌ಬರ್ಗಿನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 29 ವರ್ಷದ ಪ್ರಾಂಟ್ಲ್ ಅಲ್ಲಿ ಪುಟ್ಟ ಭಾಷಣ ಮಾಡಿದರು. ಅಚ್ಚಾದಾಗ 8 ಪುಟ. ಅದಕ್ಕೂ ಮೊದಲು ಅವರ ಡಾಕ್ಟರೇಟ್ ಕೆಲಸ ತೊಲೆಗಳು ಪಕ್ಕಕ್ಕೆ ಬಾಗಿ ಕೈಕೊಡುವುದರ ಬಗ್ಗೆ, ಅಂದರೆ ಘನದ್ದು. ಈ 8 ಪುಟ ದ್ರವದ್ದು. ಸ್ನಿಗ್ಧತೆ ಎಷ್ಟೇ ಕಡಿಮೆ ಇದ್ದರೂ ಗೋಡೆಗೆ ಅಂಟಿದ ತೆಳು ಪದರದಲ್ಲಿ ಅದನ್ನು ಬಿಡುವಂತಿಲ್ಲ, ಉಳಿದ ಕಡೆ ಬಿಡಬಹುದು ಅನ್ನುವುದೇ ಅದರ ತಿರುಳು. ಸ್ನಿಗ್ಧತೆ ಇಲ್ಲದ ದ್ರವದಲ್ಲಿ ಒಂದೇ ವೇಗದಲ್ಲಿ ಸಾಗುವ ವಸ್ತುವಿಗೆ ತಡೆಯೇ ಇಲ್ಲ ಅಂತ 18ನೆಯ ಶತಮಾನದಲ್ಲಿ ಡಾಲಂಬರ್ ಅವರ ಲೆಕ್ಕ ಹೇಳಿತ್ತು. ನೀರಿಗೆ ಕೈ ಹಾಕಿದವರಿಗೆಲ್ಲ ಗೊತ್ತು ತಡೆ ಇದೆ ಅಂತ. ಆ ಗಂಟು ಬಿಚ್ಚಲು ದಾರಿಯಾದದ್ದು ಈ ತೆಳು ಪದರ. ವಿಮಾನದ ರೆಕ್ಕೆಯ ಲೆಕ್ಕವೆಲ್ಲ ಇದರ ಮೇಲೆ ನಿಂತಿದೆ.

ಯಾವುದನ್ನು ಬಿಡಬೇಕು, ಎಲ್ಲಿ ಬಿಡಬಾರದು. ನಮ್ಮ ಕಸುಬಿನ ಜಾಣತನ ಇರುವುದೇ ಇಲ್ಲಿ. ಅದು ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಪೇಪರಿನ ಎರಡನೆಯ, ಮೂರನೆಯ ಪುಟದಲ್ಲಿ, ಒಬ್ಬರು ತಮ್ಮ ಅಂದಾಜುಗಳನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾರೆ ಅನ್ನುವಲ್ಲಿ ಕಾಣುತ್ತದೆ.

ಶುದ್ಧ ಗಣಿತದ ಗೆಳೆಯರು ಕೆಲವರು ಇದನ್ನೆಲ್ಲ ಕೇಳಿ "ಇದು ಭೌತಶಾಸ್ತ್ರ ಅಲ್ವಾ" ಅನ್ನುತ್ತಾರೆ. ಅವರಿಗೆ ನಾನು ಫ್ರಾನ್ಸಿನ ಗಣಿತಜ್ಞ ಜೀನ್ ಲೆರೆ ಮತ್ತು ರಷ್ಯಾದ ಗಣಿತಜ್ಞೆ ಓಲ್ಗಾ ಲಾಡಿಝೆನ್ಸ್‌ಕಾಯಾ ಅವರ ಹೆಸರು ಹೇಳುತ್ತೇನೆ. ನೇವಿಯರ್-ಸ್ಟೋಕ್ಸ್ ಸಮೀಕರಣಕ್ಕೆ ಒಂದು ದುರ್ಬಲ ಅರ್ಥದಲ್ಲಿ, ಅಂದರೆ ಪ್ರತಿ ಬಿಂದುವಿನಲ್ಲಲ್ಲದೆ ಸರಾಸರಿಯಲ್ಲಿ ಸಮೀಕರಣಕ್ಕೆ ಹೊಂದುವ ಹಾಗೆ, ಪರಿಹಾರ ಇದೆ ಅಂತ ಲೆರೆ 1934ರಲ್ಲಿ ಸಾಧಿಸಿದರು. ಎರಡನೆಯ ಮಹಾಯುದ್ಧದಲ್ಲಿ ಅವರು ಐದು ವರ್ಷ ಆಸ್ಟ್ರಿಯಾದ ಸೆರೆ ಶಿಬಿರದಲ್ಲಿದ್ದರು. ತಮಗೆ ದ್ರವಗಳ ಗಣಿತ ಗೊತ್ತು ಅಂತ ತಿಳಿದರೆ ಶತ್ರುಗಳು ಯುದ್ಧದ ಕೆಲಸಕ್ಕೆ ಹಚ್ಚುತ್ತಾರೆ ಎಂದು ಹೆದರಿ, ತಾನು ಟೊಪಾಲಜಿಯವನು (ಎಳೆದರೂ ಬಗ್ಗಿಸಿದರೂ ಬದಲಾಗದ ಆಕಾರಗುಣಗಳ ಗಣಿತ ಅದು) ಅಂತ ಹೇಳಿಕೊಂಡರು. ಅಲ್ಲಿ ನಿಜವಾಗಿ ಟೊಪಾಲಜಿಯನ್ನೇ ಮಾಡಿ ಆ ಕ್ಷೇತ್ರವನ್ನೂ ಬೆಳೆಸಿದರು. ಲಾಡಿಝೆನ್ಸ್‌ಕಾಯಾ ಅವರ ತಂದೆ ಗಣಿತದ ಮೇಷ್ಟ್ರು. 1937ರಲ್ಲಿ ಸೋವಿಯತ್ ಸರ್ಕಾರ ಅವರನ್ನು ಬಂಧಿಸಿ ಕೊಂದಿತು. ಜನಶತ್ರುವಿನ ಮಗಳು ಅಂತ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯ ಆಕೆಗೆ ಸೀಟು ಕೊಡಲಿಲ್ಲ. ಮುಂದೆ ಇದೇ ಆಕೆ ಎರಡು ಆಯಾಮಗಳಲ್ಲಿ ಆ ಸಮೀಕರಣದ ಪರಿಹಾರ ಯಾವತ್ತೂ ಕೆಡುವುದಿಲ್ಲ ಅಂತ ಸಾಧಿಸಿದರು. ಮೂರು ಆಯಾಮದ್ದು ಇನ್ನೂ ಯಾರಿಗೂ ಬಗ್ಗಿಲ್ಲ. ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಅದಕ್ಕೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ಗಣಿತ ಎಲ್ಲಿದೆ ಅಂತ ಕೇಳುವವರಿಗೆ ಇದಕ್ಕಿಂತ ಹೆಚ್ಚು ನಾನೇನು ಹೇಳಲಿ?

ಈಗ ನಮ್ಮ ಕಾಲದ ಹುಡುಗ ಹುಡುಗಿಯರ ಪರಿಸ್ಥಿತಿ ನೋಡಿ. ಎರಡು ವರ್ಷದ ಪೋಸ್ಟ್‌ಡಾಕ್ ಅಂತ ಇಟ್ಟುಕೊಳ್ಳಿ, ಅಂದರೆ ಪಿಎಚ್‌ಡಿ ಆದ ಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ. ಮೊದಲ ಆರು ತಿಂಗಳು ಹೊಸ ಜಾಗಕ್ಕೆ, ಹೊಸ ಗುಂಪಿನ ಕೋಡ್‌ಗೆ ಒಗ್ಗಿಕೊಳ್ಳಲು ಹೋಗುತ್ತದೆ. ಕೊನೆಯ ಆರು ತಿಂಗಳು ಮುಂದಿನ ಅರ್ಜಿಗಳಿಗೆ. ನಡುವೆ ಸಿಗುವುದು ಒಂದೇ ವರ್ಷ. ಒಂದು ವರ್ಷದಲ್ಲಿ ಮುಗಿಯುವ ಪ್ರಶ್ನೆಯನ್ನೇ ಅವರು ಆರಿಸಿಕೊಳ್ಳಬೇಕಾಗುತ್ತದೆ. ಒಳ್ಳೆಯ ಪ್ರಶ್ನೆ ಗೊತ್ತಿದ್ದೂ ಬದಿಗಿಡುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಬಿರುಕಿನೊಳಗೆ ನೀರು ನುಗ್ಗಿ ಬಂಡೆ ಸೀಳುವುದರ ಮೇಲೆ ಬಹಳ ಚೆನ್ನಾದ ಕೆಲಸ ಶುರುಮಾಡಿದ್ದಳು. ಬಿರುಕಿನ ತುದಿಯಲ್ಲಿ ನೀರು ತಲುಪದ ಸಣ್ಣ ಖಾಲಿ ಜಾಗ ಉಳಿಯುತ್ತದೆ, ಅದನ್ನು ಹೇಗೆ ಹಿಡಿಯುವುದು ಅನ್ನುವುದು ಅವಳ ಪ್ರಶ್ನೆ. "ಮೇಡಂ, ಇದು ಮುಗಿಯುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತೆ" ಅಂದಳು. ಸುಲಭದ ಎರಡು ಪೇಪರ್ ಮಾಡಿ ಬೇರೆ ವಿಷಯಕ್ಕೆ ಹೋದಳು. ಅವಳ ಮೇಲೆ ನನಗೆ ಒಂದಿಷ್ಟೂ ಬೇಸರವಿಲ್ಲ. ಆ ಲೆಕ್ಕ ಅವಳಿಗೆ ಕಲಿಸಿದ್ದು ನಾವು.

ಜಿ. ಐ. ಟೇಲರ್ ಅವರಿಗೆ 1923ರಲ್ಲಿ ರಾಯಲ್ ಸೊಸೈಟಿ ಪಾಠದ ಹೊರೆಯಿಲ್ಲದ ಸಂಶೋಧನಾ ಪ್ರಾಧ್ಯಾಪಕ ಹುದ್ದೆ ಕೊಟ್ಟಿತು. ಸುಮಾರು 28 ವರ್ಷ ಅದರಲ್ಲೇ ಇದ್ದರು. ಒಂದರೊಳಗೊಂದು ತಿರುಗುವ ಎರಡು ಉರುಳೆಗಳ ನಡುವೆ ಸಿಕ್ಕಿದ ದ್ರವ ಯಾವಾಗ ಸುರುಳಿ ಸುತ್ತುತ್ತದೆ ಅನ್ನುವ ಪ್ರಬಂಧ ಅದೇ 1923ರದು. ಲೋಹಗಳು ಲೆಕ್ಕಕ್ಕಿಂತ ಯಾಕೆ ಅಷ್ಟು ಸುಲಭವಾಗಿ ಬಾಗುತ್ತವೆ ಅನ್ನುವ ಪ್ರಬಂಧ 1934ರದು, ಹರಳುಗಳೊಳಗಿನ ಜೋಡಣೆಯ ದೋಷಗಳ ಮೇಲೆ. ಅದೇ ವರ್ಷ ಓರೊವಾನ್, ಪೊಲಾನಿ ಕೂಡ ಬೇರೆ ಬೇರೆಯಾಗಿ ಅದೇ ಮಾತು ಹೇಳಿದರು. ನಡುವೆ ಟೇಲರ್ ದೋಣಿಗೆ ಹೊಸ ಬಗೆಯ ಲಂಗರು ಕೂಡ ಮಾಡಿದರು. ಎಲ್ಲರಿಗೂ ಅಂಥ ಹುದ್ದೆ ಕೊಡಲಾಗುವುದಿಲ್ಲ, ನನಗೂ ಗೊತ್ತು. ಆದರೆ ಅವರು ದ್ರವದಿಂದ ಘನಕ್ಕೆ, ಘನದಿಂದ ಲಂಗರಿಗೆ ಹೋದಾಗ ಯಾರೂ ಅವರ ಗಮನ ಚದುರಿದೆ ಅಂತ ಬರೆಯಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀರಾ? ದುಡ್ಡು ಬೇಡ, ಹೊಸ ನಿಯಮ ಬೇಡ. ಅರ್ಜಿ ಹಾಕುವವರಿಂದಲೇ ಒಂದು ಪೇಪರ್ ಆರಿಸಿ ಕೊಡಲು ಹೇಳಿ. ಸಮಿತಿಯ ಇಬ್ಬರು ಅದನ್ನು ಓದಿಕೊಂಡು ಬರಲಿ. ಒಬ್ಬರು ಗಣಿತದವರು, ಒಬ್ಬರು ಎಂಜಿನಿಯರಿಂಗ್ ಕಡೆಯವರು. ಅಭಿಪ್ರಾಯ ಪತ್ರ ತರಿಸುವಾಗಲೂ ಎರಡು ಕಡೆಯಿಂದ ತರಿಸಿ. ಬರೆದ ಕೋಡ್, ಕಟ್ಟಿದ ಉಪಕರಣ ಇದ್ದರೆ ಅದನ್ನು ಅಡಿಟಿಪ್ಪಣಿಗೆ ತಳ್ಳಬೇಡಿ, ಅದೂ ಕೆಲಸವೇ. ಜಾಹೀರಾತಿನಲ್ಲಿ ದ್ರವವೋ ಘನವೋ ಅಂತ ಸೀಳಬೇಡಿ. ಸಂದರ್ಶನದಲ್ಲಿ ಎಷ್ಟು ಪೇಪರ್ ಅಂತ ಕೇಳುವ ಬದಲು ಇದನ್ನು ಕೇಳಿ: ನಿಮ್ಮ ಸಮೀಕರಣದಲ್ಲಿ ಯಾವುದನ್ನು ಬಿಟ್ಟಿರಿ, ಬಿಟ್ಟದ್ದು ಸರಿ ಅಂತ ಹೇಗೆ ಗೊತ್ತಾಯಿತು? ಕೆಲಸ ಗೊತ್ತಿರುವವರ ಮುಖ ಆ ಪ್ರಶ್ನೆಗೆ ಅರಳುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ.

40 ಫೈಲು ಇದ್ದಾಗ ಇದೆಲ್ಲ ಆಗುವುದಿಲ್ಲ ಅನ್ನುತ್ತೀರಿ. ಮೊದಲ ಸುತ್ತಿನಲ್ಲಿ ಆಗದೇ ಇರಬಹುದು. ಕೊನೆಯ ಹತ್ತು ಜನಕ್ಕಾದರೂ ಆಗುತ್ತದೆ. ಒಬ್ಬರನ್ನು 30 ವರ್ಷಕ್ಕೆ ಆರಿಸಿಕೊಳ್ಳುವ ಕೆಲಸ ಇದು.

ಆ ಸಭೆ ಮುಗಿದ ಮೇಲೆ ನಾನು ಆ ಹುಡುಗನ ಪೇಪರ್‌ಗಳನ್ನು ಮನೆಗೆ ತಂದೆ. ಆರರಲ್ಲಿ ನಾಲ್ಕನೆಯದು 11 ಪುಟ. ತೆಳು ಹಾಳೆಯೊಂದು ನೀರಿನ ಮೇಲೆ ತೇಲುತ್ತಾ ಸುಕ್ಕುಗಟ್ಟುವುದರ ಬಗ್ಗೆ. ಸುಕ್ಕಿನ ಅಗಲವನ್ನು ನೀರು ನಿರ್ಧರಿಸುತ್ತದೋ ಹಾಳೆ ನಿರ್ಧರಿಸುತ್ತದೋ ಅನ್ನುವ ಪ್ರಶ್ನೆ ಎತ್ತಿಕೊಂಡು, ಅಂಚಿನ ಹತ್ತಿರ ಉತ್ತರ ಒಂದು, ನಡುವೆ ಇನ್ನೊಂದು ಅಂತ ತೋರಿಸಿದ್ದಾನೆ. ಎರಡನ್ನೂ ಹೊಲಿದ ರೀತಿ ಇದೆಯಲ್ಲ, ಆರನೆಯ ಪುಟದಲ್ಲಿ, ಅದನ್ನು ನಾನು ಮೂರು ಸಲ ಓದಿದೆ. ಓದಲು ಕೂತಾಗ ಸಂಜೆ ಆರು ಗಂಟೆ. ಮುಗಿಸಿದಾಗ ಎಂಟೂವರೆ.

ಇಂತಿ ನಿಮ್ಮ,
ಮೇಜಿನ ಎರಡೂ ಕಡೆ ಕೂತ ಒಬ್ಬ ಗಣಿತಜ್ಞೆ